ನೀರಿನ ಬಿಲ್ ಏಕಾಏಕಿ ಏರಿತಾ? ಟೈಲ್ಸ್ ಒಡೆಸುವ ಮುಂಚೆ ಸೋರಿಕೆ ಹುಡುಕುವ ಕ್ರಮ

"ಮನೆಯಲ್ಲಿ ಇರೋದು ಅದೇ ನಾಲ್ಕು ಜನ. ಬಳಸೋದೂ ಅಷ್ಟೇ ನೀರು. ಬಿಲ್ ಮಾತ್ರ ಹೀಗೆ ಬಂದಿದೆ ನೋಡಿ." ಬೆಂಗಳೂರಿನ ಸ್ವಂತ ಮನೆಗಳಲ್ಲಿ ಈ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಕೆಲವರು ಮೀಟರ್ ಕೆಟ್ಟಿದೆ ಅಂದುಕೊಂಡು ಸುಮ್ಮನಾಗುತ್ತಾರೆ. ಇನ್ನು ಕೆಲವರು ಸಿಕ್ಕ ಪ್ಲಂಬರನ್ನು ಕರೆಸುತ್ತಾರೆ. ಅವರು ಬಂದು ಬಾತ್‌ರೂಮ್ ಟೈಲ್ಸ್ ಒಡೆಯೋಣ ಅನ್ನುತ್ತಾರೆ. ಒಡೆದ ಮೇಲೆ ಸೋರಿಕೆ ಅಲ್ಲಿರುವುದಿಲ್ಲ.

ನೀರು ಎಲ್ಲಿ ಹೋಗುತ್ತಿದೆ ಅನ್ನುವುದನ್ನು ಏನೂ ಒಡೆಯದೆ, ಒಂದು ಟೇಪು, ಒಂದು ಚಾಕ್‌ಪೀಸು, ಒಂದು ಟಾರ್ಚು ಇಟ್ಟುಕೊಂಡು ಮನೆಯವರೇ ಮುಕ್ಕಾಲು ಪಾಲು ಪತ್ತೆ ಮಾಡಬಹುದು. ಆದರೆ ಕ್ರಮ ತಪ್ಪಬಾರದು. ಬಿಲ್, ಮೀಟರ್, ಸಂಪು, ತಾರಸಿ, ಫ್ಲಶ್, ಕೊನೆಗೆ ಗೋಡೆ. ಗೋಡೆಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಈ ಕಾವೇರಿ ನೀರು ಸುಲಭಕ್ಕೆ ಬಂದದ್ದಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರಕ್ಕೆ ಸಾಗಿಸಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಯೋಜನೆ ಅದು. ಹೊರವಲಯದ 110 ಹಳ್ಳಿಗಳ ಎಷ್ಟೋ ಮನೆಗಳಿಗೆ ಮೊದಲ ಸಲ ಕಾವೇರಿ ಮೀಟರ್ ಬಂತು. ಮೀಟರ್ ಓದಿ ಅಭ್ಯಾಸ ಇಲ್ಲದ ಆ ಮನೆಗಳಿಗೂ ಈ ಬರಹ ಬೇಕಾಗುತ್ತದೆ.

ಮೊದಲು ಬಿಲ್ ಓದಿ

ಬಿಲ್ ಕೈಗೆ ಬಂದ ಕೂಡಲೇ ಎಲ್ಲರೂ ಕೆಳಗಿನ ಮೊತ್ತ ನೋಡುತ್ತಾರೆ. ನೀವು ಬಳಕೆ ಎಷ್ಟು ಅನ್ನುವುದನ್ನು ನೋಡಿ. 2014ರಿಂದ ಹಾಗೇ ಇದ್ದ ದರವನ್ನು ಜಲಮಂಡಳಿ 2025ರ ಏಪ್ರಿಲ್‌ನಲ್ಲಿ ಏರಿಸಿತು. ಹಾಗಾಗಿ ಹಳೆಯ ಬಿಲ್‌ನ ರೂಪಾಯಿ ಜೊತೆ ಹೊಸ ಬಿಲ್‌ನ ರೂಪಾಯಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಲೀಟರ್ ಜೊತೆ ಲೀಟರ್ ಹೋಲಿಸಬೇಕು.

ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡೂ ಬಿಲ್‌ನಲ್ಲೇ ಇರುತ್ತವೆ. ಈಗಿನ ರೀಡಿಂಗ್‌ಗೂ ನಿಮ್ಮ ಮೀಟರ್‌ಗೂ ತಾಳೆ ಇದೆಯಾ ನೋಡಿ. ಬಿಲ್‌ನ ಅಂಕಿ ಮೀಟರ್‌ನಲ್ಲಿರುವುದಕ್ಕಿಂತ ದೊಡ್ಡದಿದ್ದರೆ ಓದಿದ್ದೇ ತಪ್ಪು, ಸೋರಿಕೆ ಹುಡುಕುವುದೇ ಬೇಡ. ಮನೆ ಬೀಗ ಹಾಕಿದ್ದಾಗ ಸರಾಸರಿ ಹಿಡಿದು ಬಿಲ್ ಹಾಕಿ, ಮುಂದಿನ ಸಲ ನಿಜವಾದ ರೀಡಿಂಗ್ ಸಿಕ್ಕಾಗ ವ್ಯತ್ಯಾಸ ಒಟ್ಟಿಗೆ ಬಂದಿರಬಹುದು. ಹಳೆ ಬಾಕಿಯೂ ಸೇರಿರಬಹುದು.

ನಿಮ್ಮ ಬಳಕೆ ಸಹಜವಾ ಅಂತ ಅಳೆಯಲು ಒಂದು ಅಂದಾಜು ಇಟ್ಟುಕೊಳ್ಳಿ. ನಗರದ ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಲೆಕ್ಕಕ್ಕೆ ಬಳಸುವ ಅಳತೆ. ನಾಲ್ಕು ಜನಕ್ಕೆ 540, ತಿಂಗಳಿಗೆ 16,000 ಲೀಟರ್ ಆಸುಪಾಸು. ನೆಂಟರು ಬಂದಿದ್ದರು, ಮನೆಗೆ ಸುಣ್ಣ ಬಣ್ಣ ಆಯಿತು ಅಂದರೆ ಸ್ವಲ್ಪ ಏರುತ್ತದೆ. ಅಂಥದ್ದೇನೂ ಇಲ್ಲದೆ 25,000 ದಾಟಿದ್ದರೆ ಎಲ್ಲೋ ನೀರು ಹೋಗುತ್ತಿದೆ ಅಂತಲೇ ಹಿಡಿಯಿರಿ. ಮನೆ ಬಳಕೆಯ ದರ 8,000, 25,000, 50,000 ಲೀಟರ್ ಹೀಗೆ ಹಂತ ಹಂತವಾಗಿ ಏರುತ್ತದೆ. ಸೋರಿದ ನೀರು ನಿಮ್ಮ ಬಳಕೆಯ ಮೇಲೆ ಸೇರುವುದರಿಂದ ಅದಕ್ಕೆ ಯಾವಾಗಲೂ ಮೇಲಿನ ಹಂತದ ದರವೇ ಬೀಳುತ್ತದೆ.

ಮೀಟರ್ ಹೇಳುವುದು ಅರ್ಧ ಕಥೆ ಮಾತ್ರ

ಮೀಟರ್‌ನಲ್ಲಿ ಕಪ್ಪು ಅಂಕಿಗಳು ಕಿಲೋಲೀಟರ್, ಅಂದರೆ ಸಾವಿರ ಸಾವಿರ ಲೀಟರ್. ಕೆಂಪು ಅಂಕಿ ಅಥವಾ ಕೆಂಪು ಮುಳ್ಳುಗಳು ಅದಕ್ಕಿಂತ ಕಡಿಮೆಯ ಲೆಕ್ಕ. ನಡುವೆ ಚಿಕ್ಕದೊಂದು ನಕ್ಷತ್ರದಂಥ ಚಕ್ರ ಇರುತ್ತದೆ. ತೆಳ್ಳಗೆ ನೀರು ಹರಿದರೂ ಅದು ತಿರುಗುತ್ತದೆ. ಗಾಜಿನ ಮೇಲೆ ಮಣ್ಣು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬಿಟ್ಟು ನೋಡಿ.

"ಎಲ್ಲ ನಲ್ಲಿ ಮುಚ್ಚಿ, ಮೀಟರ್ ತಿರುಗುತ್ತಿದ್ದರೆ ಮನೆಯಲ್ಲಿ ಸೋರಿಕೆ ಇದೆ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಇಪ್ಪತ್ತನಾಲ್ಕು ಗಂಟೆ ನೀರು ಬಂದು, ಕೊಳವೆಯಿಂದ ನೇರ ನಲ್ಲಿಗೆ ಹೋಗುವ ಊರುಗಳಿಗೆ ಅದು ಸರಿ. ನಮ್ಮ ಮನೆಗಳಲ್ಲಿ ನೀರು ದಿನ ಬಿಟ್ಟು ದಿನ ಕೆಲವು ಗಂಟೆ ಬರುತ್ತದೆ. ಬಂದದ್ದು ಸಂಪಿಗೆ ಬೀಳುತ್ತದೆ, ಸಂಪಿನಿಂದ ಮೋಟರ್ ಮೂಲಕ ತಾರಸಿಗೆ ಏರುತ್ತದೆ, ಅಲ್ಲಿಂದ ನಲ್ಲಿಗೆ ಇಳಿಯುತ್ತದೆ. ಮಧ್ಯೆ ಸಂಪು ಕೂತಿದೆ. ಮೇಲಿನ ಬಾತ್‌ರೂಮಿನಲ್ಲಿ ನೀರು ಸೋರಿದರೂ ಆ ಹೊತ್ತಿಗೆ ಮೀಟರ್ ಅಲ್ಲಾಡುವುದಿಲ್ಲ. ಮುಂದಿನ ಸಲ ನೀರು ಬಿಟ್ಟಾಗ ಸಂಪಿಗೆ ಜಾಸ್ತಿ ತುಂಬುತ್ತದೆ ಅಷ್ಟೇ. ಮೀಟರ್ ನಿಂತಿದೆ, ಹಾಗಾದರೆ ಸೋರಿಕೆ ಇಲ್ಲ ಅಂತ ನಿಶ್ಚಿಂತೆಯಿಂದ ಕೂತವರು ಎಷ್ಟೋ ಜನ.

ಹಾಗಂತ ಮೀಟರ್ ಪರೀಕ್ಷೆ ಬೇಡ ಅಂತಲ್ಲ. ಅದನ್ನು ಬೇರೆ ಹೊತ್ತಲ್ಲಿ ಮಾಡಬೇಕು. ನೀರು ಬಿಟ್ಟಿರುವಾಗಲೇ, ಸಂಪು ಪೂರ್ತಿ ತುಂಬಿ ಬಾಲ್ ವಾಲ್ವ್ ಮುಚ್ಚಿಕೊಂಡ ಮೇಲೆ ಮೀಟರ್ ಹತ್ತಿರ ಹೋಗಿ. ಆಗ ಚಕ್ರ ನಿಂತಿರಬೇಕು. ತಿರುಗುತ್ತಲೇ ಇದ್ದರೆ ಕಾರಣ ಮೂರರಲ್ಲಿ ಒಂದು. ಬಾಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಇಲ್ಲವೇ ಮೀಟರ್‌ನಿಂದ ಸಂಪಿನವರೆಗೆ ನೆಲದೊಳಗೆ ಇರುವ ಪೈಪು ಒಡೆದಿದೆ. ಇಲ್ಲವೇ ಆ ಲೈನಿನಿಂದ ನೇರ ಬರುವ ನಲ್ಲಿಯೊಂದು, ಸಾಮಾನ್ಯವಾಗಿ ಕಾಂಪೌಂಡ್ ಪಕ್ಕದ್ದು, ತೆರೆದಿದೆ.

ನೀರು ಬಿಡುವ ಮೊದಲ ನಿಮಿಷಗಳನ್ನೂ ಒಮ್ಮೆ ಗಮನಿಸಿ. ಖಾಲಿ ಕೊಳವೆಯಲ್ಲಿ ತುಂಬಿದ್ದ ಗಾಳಿ ಮುಂದೆ ನುಗ್ಗಿ ಬಂದು ಮೀಟರನ್ನು ತಿರುಗಿಸುತ್ತದೆ. ಸಂಪಿನಲ್ಲಿ ಬುಸ್ಸೆನ್ನುವ ಸದ್ದು ಬರುತ್ತಿದೆ, ನೀರು ಬಿದ್ದಿಲ್ಲ, ಮೀಟರ್ ಮಾತ್ರ ಓಡುತ್ತಿದೆ ಅಂದರೆ ಅದು ಗಾಳಿಯದೇ ಕೆಲಸ. ಫೋನಿನಲ್ಲಿ ವೀಡಿಯೊ ಮಾಡಿಟ್ಟುಕೊಳ್ಳಿ. ದೂರು ಕೊಡುವಾಗ ಬಾಯಿ ಮಾತಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಬಾಲ್ ವಾಲ್ವ್

ಸಂಪಿನ ಮುಚ್ಚಳ ತೆಗೆದರೆ ಹಿತ್ತಾಳೆಯ ಕಡ್ಡಿಯ ತುದಿಗೆ ಪ್ಲಾಸ್ಟಿಕ್ ಚೆಂಡು ಕಾಣುತ್ತದೆ. ನೀರು ಏರಿದಂತೆ ಚೆಂಡು ಏರಿ ವಾಲ್ವ್ ಮುಚ್ಚುತ್ತದೆ. ಇದು ಕೆಡುವುದು ಎರಡು ಬಗೆ. ಚೆಂಡಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಒಳಗೆ ನೀರು ತುಂಬಿಕೊಳ್ಳುತ್ತದೆ. ಕಡ್ಡಿಯಿಂದ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ. ಕುಲುಕುಲು ಅಂದರೆ ಅದು ತೇಲುವುದಿಲ್ಲ, ಅರ್ಧ ಮುಳುಗೇ ಇರುತ್ತದೆ, ವಾಲ್ವ್ ಯಾವತ್ತೂ ಪೂರ್ತಿ ಮುಚ್ಚುವುದಿಲ್ಲ. ಚೆಂಡು ಚೆನ್ನಾಗಿದ್ದರೆ ವಾಲ್ವ್ ಒಳಗಿನ ರಬ್ಬರ್ ವಾಷರ್ ನೋಡಿ. ಕೂರುವ ಜಾಗದಲ್ಲಿ ಉಂಗುರದಂತೆ ಗುಳಿ ಬಿದ್ದಿರುತ್ತದೆ. ಎಷ್ಟೋ ಸಲ ಆ ಗುಳಿಯಲ್ಲಿ ಒಂದು ಮರಳಿನ ಹರಳು ಸಿಕ್ಕಿಕೊಂಡಿರುತ್ತದೆ. ರಸ್ತೆಯಲ್ಲಿ ಪೈಪ್ ಲೈನ್ ಕೆಲಸ ನಡೆದ ಮೇಲೆ ಇದು ಜಾಸ್ತಿ.

ಬಾಲ್ ವಾಲ್ವ್ ಕೆಟ್ಟರೆ ಅಂಗಳದಲ್ಲಿ ನೀರು ನಿಲ್ಲುತ್ತದೆ ಅಂತ ನೀವು ಅಂದುಕೊಳ್ಳಬಹುದು. ಹಾಗಾಗಲೇಬೇಕು ಅಂತಿಲ್ಲ. ಹಲವು ಮನೆಗಳಲ್ಲಿ ಸಂಪಿನ ಓವರ್‌ಫ್ಲೋ ಪೈಪನ್ನು ನೇರ ಮೋರಿಗೋ ಇಂಗುಗುಂಡಿಗೋ ಸೇರಿಸಿರುತ್ತಾರೆ. ರಾತ್ರಿ ಹೊತ್ತು ನೀರು ಬಿಡುವ ಬಡಾವಣೆಗಳಲ್ಲಿ ಮನೆಯವರು ಮಲಗಿರುವಾಗ ಕಾವೇರಿ ನೀರು ಗಂಟೆಗಟ್ಟಲೆ ಮೋರಿಗೆ ಹೋಗುತ್ತಿರುತ್ತದೆ. ಸದ್ದಿಲ್ಲ, ಕಲೆಯಿಲ್ಲ. ನೀರು ಬಿಡುವ ರಾತ್ರಿ ಒಮ್ಮೆ ಎದ್ದು, ಸಂಪು ತುಂಬಿದ ಮೇಲೆ ಓವರ್‌ಫ್ಲೋ ಪೈಪಿನ ಬಾಯಿಗೆ ಟಾರ್ಚ್ ಬಿಡಿ. ಎಷ್ಟೋ ಮನೆಗಳ ಹುಡುಕಾಟ ಇಲ್ಲಿಗೇ ಮುಗಿಯುತ್ತದೆ.

ಒಂದು ರಾತ್ರಿಯ ಪರೀಕ್ಷೆ

ಇಲ್ಲಿಯವರೆಗೆ ಏನೂ ಸಿಗಲಿಲ್ಲ ಅಂದರೆ ಈಗ ಮುಖ್ಯವಾದ ಕೆಲಸ. ಸಂಪು ಮತ್ತು ತಾರಸಿಯ ಟ್ಯಾಂಕು ಎರಡರ ನೀರಿನ ಮಟ್ಟವನ್ನೂ ಒಂದೇ ರಾತ್ರಿ ಅಳೆಯಬೇಕು. ಒಂದನ್ನೇ ಅಳೆದರೆ ತಪ್ಪು ದಾರಿಗೆ ಬೀಳುತ್ತೀರಿ.

ನೀರು ಬಿಡದ ದಿನ ಆರಿಸಿಕೊಳ್ಳಿ. ಮೀಟರ್ ಪಕ್ಕದ ಗೇಟ್ ವಾಲ್ವ್ ಮುಚ್ಚಿ. ಬೋರ್‌ವೆಲ್ ನೀರೂ ಅದೇ ಸಂಪಿಗೆ ಬೀಳುತ್ತಿದ್ದರೆ ಅದನ್ನೂ ನಿಲ್ಲಿಸಿ. ರಾತ್ರಿಗೆ ಬೇಕಾದಷ್ಟು ನೀರನ್ನು ಬಕೆಟ್‌ಗಳಲ್ಲಿ ಹಿಡಿದಿಡಿ. ತಾರಸಿಯ ಟ್ಯಾಂಕು ತುಂಬಿಸಿದ ಮೇಲೆ ಮೋಟರ್‌ನ ಎಂಸಿಬಿ ಕೆಳಗೆ ಮಾಡಿ. ಮೋಟರ್‌ಗೆ ಆಟೋಮ್ಯಾಟಿಕ್ ಕಂಟ್ರೋಲರ್ ಇದ್ದರೆ ಇದನ್ನು ಮರೆಯಲೇಬೇಡಿ. ಟ್ಯಾಂಕಿನ ಮಟ್ಟ ಇಳಿದಾಗ ಅದು ನಡುರಾತ್ರಿ ತಾನೇ ಚಾಲೂ ಆಗಿ ಲೆಕ್ಕವೆಲ್ಲ ಕೆಡಿಸುತ್ತದೆ.

ಸಂಪಿಗೆ ಇಳಿಯಬೇಡಿ. ಮುಚ್ಚಳದ ಅಂಚಿನಿಂದ ನೀರಿನ ಮೇಲ್ಮೈವರೆಗೆ ಟೇಪು ಇಳಿಬಿಟ್ಟು ಅಳೆದರೆ ಸಾಕು. ಅಳೆದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಬೆಳಗ್ಗೆ ಅಲ್ಲಿಂದಲೇ ಅಳೆಯಬೇಕು. ತಾರಸಿಯ ಟ್ಯಾಂಕಿಗೂ ಹಾಗೆಯೇ. ರಾತ್ರಿ 10ಕ್ಕೆ ಬರೆದುಕೊಳ್ಳಿ, ಬೆಳಗ್ಗೆ 6ಕ್ಕೆ ನೋಡಿ.

ಬೆಳಗ್ಗೆ ಕಾಣುವುದು ಇವುಗಳಲ್ಲಿ ಒಂದು.

ಸಂಪು ಇಳಿದಿದೆ, ಟ್ಯಾಂಕು ಹಾಗೇ ಇದೆ. ಸಂಪು ಸೋರುತ್ತಿದೆ. ಮನೆಯೊಳಗಿನ ಪೈಪು, ನಲ್ಲಿ, ಫ್ಲಶ್ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ.

ಸಂಪು ಹಾಗೇ ಇದೆ, ಟ್ಯಾಂಕು ಇಳಿದಿದೆ. ಸೋರಿಕೆ ಟ್ಯಾಂಕಿನಲ್ಲಿ ಅಥವಾ ಅದರ ಕೆಳಗಿನ ಲೈನಿನಲ್ಲಿ. ಫ್ಲಶ್, ಸೋಲಾರ್ ವಾಟರ್ ಹೀಟರ್, ಗೋಡೆಯ ಪೈಪು ಎಲ್ಲ ಈ ಗುಂಪಿಗೆ ಸೇರಿದ್ದು.

ಟ್ಯಾಂಕು ಇಳಿದಿದೆ, ಸಂಪು ಏರಿದೆ. ಮೇಲೇರಿದ ನೀರು ವಾಪಸ್ ಸಂಪಿಗೆ ಇಳಿಯುತ್ತಿದೆ. ಮೋಟರ್ ಪೈಪಿನ ತುದಿ ಟ್ಯಾಂಕಿನ ನೀರಿನಲ್ಲಿ ಮುಳುಗಿದ್ದು, ಸಂಪಿನೊಳಗಿನ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸರಿಯಾಗಿ ಹಿಡಿಯದಿದ್ದರೆ ಹೀಗಾಗುತ್ತದೆ. ನೀರೇನೂ ಹಾಳಾಗುತ್ತಿಲ್ಲ, ಹಾಗಾಗಿ ನೀರಿನ ಬಿಲ್‌ಗೆ ಇದು ಕಾರಣವಲ್ಲ. ಕರೆಂಟ್ ಬಿಲ್‌ಗೆ ಕಾರಣ. ಮೋಟರ್ ಹಾಕಿದಾಗಲೆಲ್ಲ ನೀರು ಎತ್ತಲು ತಡ ಮಾಡುತ್ತದೆ ಅನ್ನುವ ಮನೆಗಳಲ್ಲಿ ಇದೇ ದೋಷ. ಫುಟ್ ವಾಲ್ವ್ ಬದಲಿಸಿ, ಟ್ಯಾಂಕಿನಲ್ಲಿ ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿಸಿ.

ಟ್ಯಾಂಕು ಹಾಗೇ ಇದೆ, ಸಂಪು ಮಾತ್ರ ಏರಿದೆ. ಮೀಟರ್ ಪಕ್ಕದ ವಾಲ್ವ್ ನಿಜವಾಗಿ ಮುಚ್ಚಿತ್ತಾ ಅಂತ ಮೊದಲು ನೋಡಿ. ಮುಚ್ಚಿದ್ದರೂ ಏರಿದೆ ಅಂದರೆ ಹೊರಗಿನ ನೀರು ಸಂಪಿನೊಳಗೆ ಬರುತ್ತಿದೆ. ಇದು ಬಿಲ್ ವಿಷಯ ಅಲ್ಲ, ಆರೋಗ್ಯದ ವಿಷಯ. ಪಕ್ಕದಲ್ಲೇ ಮ್ಯಾನ್‌ಹೋಲ್ ಅಥವಾ ಶೌಚದ ಚೇಂಬರ್ ಇದ್ದರೆ ಆ ನೀರನ್ನು ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬಳಸುವುದನ್ನು ಅವತ್ತೇ ನಿಲ್ಲಿಸಿ. ಸಂಪು ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ತೊಳೆದು ಕ್ಲೋರಿನ್ ಹಾಕಿಸಿದ ಮೇಲೆಯೇ ಮತ್ತೆ ತುಂಬಿ. ವಾಸನೆ ಬಂದಿಲ್ಲ ಅಂತ ಸುಮ್ನೆ ಇರಬೇಡಿ.

ಇಳಿದದ್ದು ಎಷ್ಟು ಲೀಟರ್ ಅಂತ ತಿಳಿಯುವುದು ಸುಲಭ. ಸಂಪಿನ ಒಳಗಿನ ಉದ್ದ, ಅಗಲವನ್ನು ಅಡಿಯಲ್ಲಿ ಗುಣಿಸಿ, ಅದನ್ನು 2.36ರಿಂದ ಗುಣಿಸಿ. ಒಂದು ಇಂಚು ಇಳಿದರೆ ಅಷ್ಟು ಲೀಟರ್ ಹೋಗಿದೆ. 6 ಅಡಿಗೆ 5 ಅಡಿ ಸಂಪು ಅಂದರೆ ಇಂಚಿಗೆ 70 ಲೀಟರ್. ರಾತ್ರಿ ಎರಡೇ ಇಂಚು ಇಳಿದರೂ 140 ಲೀಟರ್, ದಿನಕ್ಕೆ 400ಕ್ಕಿಂತ ಮೇಲೆ. ಗುಂಡಗಿನ ಟ್ಯಾಂಕಿಗೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಮೇಲೆ 1.85ರಿಂದ ಗುಣಿಸಿ. ಮೂರೂವರೆ ಅಡಿ ವ್ಯಾಸದ ಟ್ಯಾಂಕಿನಲ್ಲಿ ಇಂಚಿಗೆ 22 ಲೀಟರ್ ಚಿಲ್ಲರೆ.

ಸಂಪು ಸೋರುತ್ತಿದ್ದರೆ

ಬಿರುಕು ಎಲ್ಲಿದೆ ಅನ್ನುವುದನ್ನು ನೀರೇ ತೋರಿಸುತ್ತದೆ. ಸಂಪನ್ನು ಬಳಸದೆ ಇನ್ನೊಂದು ದಿನ ಬಿಡಿ. ನೀರು ಇಳಿಯುತ್ತಾ ಹೋಗಿ ಒಂದು ಮಟ್ಟಕ್ಕೆ ನಿಂತುಬಿಟ್ಟರೆ ಬಿರುಕು ಆ ಮಟ್ಟದಲ್ಲೇ ಇದೆ. ಎಲ್ಲೂ ನಿಲ್ಲದೆ ತಳದವರೆಗೆ ಇಳಿದರೆ ತಳದಲ್ಲೋ ತಳ ಮತ್ತು ಗೋಡೆ ಸೇರುವ ಮೂಲೆಯಲ್ಲೋ ಇದೆ.

ಮಹಾಲಕ್ಷ್ಮಿ ಲೇಔಟಿನ ಹಳೆಯ ಮನೆಯೊಂದರಲ್ಲಿ ವಯಸ್ಸಾದ ಅಮ್ಮನೊಬ್ಬರೇ ಇದ್ದಾರೆ. ಬಿಲ್ ಏರಿತು ಅಂತ ಪ್ಲಂಬರ್ ಕರೆಸಿದರು. "ಅಮ್ಮಾ, ಲೈನ್ ಎಲ್ಲಾ ಹಳೇದು. ಬಾತ್‌ರೂಮ್ ಪೂರಾ ಒಡೆದು ಹೊಸದಾಗಿ ಹಾಕ್ಬೇಕು" ಅಂದರು ಅವರು. "ಒಡೆಯೋಣ ಕಣಪ್ಪ. ಮೊದಲು ಎಲ್ಲಿ ಸೋರ್ತಿದೆ ತೋರಿಸು" ಅಂದರು ಇವರು. ಆ ರಾತ್ರಿ ಎರಡೂ ಕಡೆ ಗುರುತು ಹಾಕಿಸಿದರು. ಬೆಳಗ್ಗೆ ಟ್ಯಾಂಕು ಕದಲಿರಲಿಲ್ಲ, ಸಂಪು ಇಳಿದಿತ್ತು. ಮೋಟರ್ ಪೈಪು ಸಂಪಿನ ಗೋಡೆಯನ್ನು ತೂರಿ ಹೊರಬರುವ ಜಾಗದಲ್ಲಿ ಸುತ್ತಲಿನ ಗಾರೆ ಉದುರಿ ಬೆರಳು ತೂರುವಷ್ಟು ಸಂದಿ ಆಗಿತ್ತು. ನೀರು ಸರಿಯಾಗಿ ಆ ಸಂದಿಯ ಕೆಳಗಿನ ಅಂಚಿಗೆ ಬಂದು ನಿಂತಿತ್ತು. ಸಂದಿಯ ಆಚೆ ತೆಂಗಿನ ಮರದ ಬೇರು. ವಾಟರ್ ಪ್ರೂಫಿಂಗ್ ಪುಡಿ ಬೆರೆಸಿದ ಸಿಮೆಂಟಿನಲ್ಲಿ ಆ ಸಂದಿ ಮುಚ್ಚಿದರು. ಬಾತ್‌ರೂಮ್ ಹಾಗೇ ಉಳಿಯಿತು. ಒಡೆಯುವ ಮುಂಚೆ ತೋರಿಸು ಅನ್ನುವ ಆ ಅಮ್ಮನ ಮಾತನ್ನು ಎಲ್ಲ ಮನೆಯವರೂ ಧೈರ್ಯವಾಗಿ ಕೇಳಬೇಕು. ಒಂಟಿಯಾಗಿರುವ ಹಿರಿಯರ ಮನೆಗಳಲ್ಲೇ ಬೇಡದ ಒಡೆತ ಜಾಸ್ತಿ ನಡೆಯುವುದು. ಪಕ್ಕದ ಮನೆಯವರು ಅಂಥ ರಾತ್ರಿ ಹೋಗಿ ಟೇಪು ಹಿಡಿದು ಕೊಟ್ಟರೂ ದೊಡ್ಡ ಉಪಕಾರ.

ಸಂಪಿನೊಳಗೆ ಇಳಿದು ಮಾಡುವ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು. ರಿಪೇರಿಗೆ ಬಳಸುವ ಪೇಂಟು, ರಾಸಾಯನಿಕಗಳ ಆವಿಯೂ ಸೇರಿದರೆ ಇಳಿದವರು ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತಾರೆ. ಅವರನ್ನು ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ಮುಚ್ಚಳ ತೆಗೆದು ಗಂಟೆಗಳ ಕಾಲ ಗಾಳಿಯಾಡಲು ಬಿಡಿ, ಫ್ಯಾನ್ ಹಿಡಿದು ಗಾಳಿ ಹೋಗುವಂತೆ ಮಾಡಿ, ಮೇಲೆ ಒಬ್ಬರು ಕಾವಲಿರಲಿ. ಕೆಲಸದವರು "ಏನೂ ಆಗಲ್ಲ ಸಾರ್" ಅಂದರೂ ಒಪ್ಪಬೇಡಿ. ಸಂಪಿನೊಳಗೆ ಸಬ್‌ಮರ್ಸಿಬಲ್ ಮೋಟರ್ ಇದ್ದರೆ ಎಂಸಿಬಿ ಇಳಿಸದೆ ನೀರಿಗೆ ಕೈ ಹಾಕಬೇಡಿ. ಪರೀಕ್ಷೆ ನಡೆಯುವಾಗ ತೆರೆದ ಮುಚ್ಚಳವನ್ನು ಬಿಟ್ಟು ಒಳಗೆ ಹೋಗಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅಂತೂ ಒಂದು ನಿಮಿಷಕ್ಕೂ ಬೇಡ.

ತಾರಸಿ

ಟ್ಯಾಂಕು ತುಂಬಿ ಹರಿದದ್ದು ನಮಗೆ ಗೊತ್ತಾಗಲೇಬೇಕು ಅಂತಿಲ್ಲ. ತಾರಸಿಯ ನೀರು ಮಳೆನೀರಿನ ಪೈಪಿಗೆ ಸೇರಿ ಮೋರಿಗೆ ಇಳಿದುಹೋಗುತ್ತದೆ. ಮಳೆ ಇಲ್ಲದ ದಿನ, ಮೋಟರ್ ಓಡಿಸಿದ ಮೇಲೆ, ಆ ಪೈಪಿನ ಕೆಳಬಾಯಿ ನೋಡಿ. ಒದ್ದೆಯಾಗಿದ್ದರೆ, ಪಾಚಿ ಕಟ್ಟಿದ್ದರೆ ಟ್ಯಾಂಕು ತುಂಬಿ ಹರಿಯುತ್ತಿದೆ ಅಂತ ಅರ್ಥ.

ಸೋಲಾರ್ ಇರುವ ಮನೆಗಳಲ್ಲಿ ಇನ್ನೊಂದು ವಿಚಿತ್ರ ದೋಷ ಇದೆ, ಅನುಭವಿ ಪ್ಲಂಬರ್‌ಗಳಿಗೂ ಬೇಗ ಹೊಳೆಯುವುದಿಲ್ಲ. ಬಾತ್‌ರೂಮಿನ ಮಿಕ್ಸರ್‌ನಲ್ಲಿ ಬಿಸಿ, ತಣ್ಣೀರು ಎರಡೂ ಹಿಡಿಗಳನ್ನು ತೆರೆದಿಟ್ಟು, ಮುಂದೆ ಸಿಕ್ಕಿಸಿದ ಕೈ ಶವರ್‌ನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸಿರುತ್ತಾರೆ. ಆಗ ಒತ್ತಡ ಜಾಸ್ತಿ ಇರುವ ತಣ್ಣೀರು ಮಿಕ್ಸರ್ ಒಳಗಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ, ಮೇಲಕ್ಕೆ ಹತ್ತಿ, ಸೋಲಾರ್‌ನ ಗಾಳಿ ಪೈಪಿನಿಂದ ತಾರಸಿಗೆ ಸುರಿಯುತ್ತದೆ. ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಇದು ಜಾಸ್ತಿ. ಸೋಲಾರ್‌ನಲ್ಲಿ ಬಿಸಿನೀರೇ ಬರುತ್ತಿಲ್ಲ ಅನ್ನುವ ದೂರೂ ಜೊತೆಗೇ ಇರುತ್ತದೆ. ಬೆಳಗ್ಗೆ ಗಾಳಿ ಪೈಪಿನ ಕೆಳಗೆ ಒದ್ದೆ ಇದೆಯಾ ನೋಡಿ. ಇದ್ದರೆ ಪ್ರತಿ ಮಿಕ್ಸರ್‌ನಲ್ಲೂ ಎರಡೂ ಹಿಡಿ ಮುಚ್ಚುವ ಅಭ್ಯಾಸ ಮಾಡಿ. ಬಿಸಿನೀರಿನ ಲೈನಿಗೆ ವಾಪಸ್ ಹರಿಯದಂಥ ವಾಲ್ವ್ ಹಾಕಿಸಿ. ಗಾಜಿನ ಟ್ಯೂಬ್‌ಗಳು ಟ್ಯಾಂಕಿಗೆ ಸೇರುವ ಕಡೆ ರಬ್ಬರ್ ಉಂಗುರ ಒಣಗಿ ಹನಿಯುವುದೂ ಉಂಟು. ಅದು ಕಣ್ಣಿಗೆ ಕಾಣುತ್ತದೆ.

ಫ್ಲಶ್ ಟ್ಯಾಂಕು

ಮನೆಯೊಳಗಿನ ಸೋರಿಕೆಗಳಲ್ಲಿ ಫ್ಲಶ್ ಮೊದಲನೆಯದು. ನೀರು ಕಮೋಡಿನ ಹಿಂಬದಿಯಿಂದ ಎಳೆಯಂತೆ ಇಳಿದು ನೇರ ಒಳಗೆ ಹೋಗುವುದರಿಂದ ಯಾರಿಗೂ ಕಾಣುವುದಿಲ್ಲ. ನಿಮಿಷಕ್ಕೆ 100 ಮಿಲಿ, ಅಂದರೆ ಒಂದು ಸಣ್ಣ ಲೋಟ, ಹೀಗೆ ಇಳಿದರೆ ದಿನಕ್ಕೆ 144 ಲೀಟರ್. ತಿಂಗಳಿಗೆ 4,320 ಲೀಟರ್.

ಪರೀಕ್ಷೆ ಸುಲಭ. ಅಡುಗೆಯ ಬಣ್ಣವನ್ನು ಫ್ಲಶ್ ಟ್ಯಾಂಕಿಗೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ತಳದ ರಬ್ಬರ್ ವಾಷರ್ ಹೋಗಿದೆ. ಗೋಡೆಯೊಳಗೆ ಕೂರಿಸಿದ ಫ್ಲಶ್ ಆದರೆ ಕಮೋಡಿನ ಹಿಂಬದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಅಲ್ಲಿಗೆ ಟಿಶ್ಯೂ ಕಾಗದ ಅಂಟಿಸಿ. ಅದು ಒದ್ದೆಯಾದರೆ ಉತ್ತರ ಸಿಕ್ಕಿತು. ವಾಷರ್ ಬದಲಿಸಲು ಪ್ಲಂಬರ್ ಸಾಕು, ಇಡೀ ಫ್ಲಶ್ ಟ್ಯಾಂಕು ಬದಲಿಸಬೇಕು ಅಂದರೆ ಯಾಕೆ ಅಂತ ಕೇಳಿ. ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ವಾಷರ್ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ. ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೂ ಕೆಲವು ಸಲ ಸರಿಹೋಗುತ್ತದೆ.

ಹನಿಯುವ ನಲ್ಲಿಗೆ ಕೆಳಗೆ ಅಳತೆ ಲೋಟ ಇಟ್ಟು 10 ನಿಮಿಷದಲ್ಲಿ ಎಷ್ಟು ಬಿತ್ತು ನೋಡಿ, 144ರಿಂದ ಗುಣಿಸಿ. ದಿನದ ಲೆಕ್ಕ ಸಿಗುತ್ತದೆ.

ಇನ್ನು ಗೋಡೆ

ಟ್ಯಾಂಕು ಇಳಿಯುತ್ತಿದೆ, ಆದರೆ ಫ್ಲಶ್ ಸರಿ ಇದೆ, ಸೋಲಾರ್ ಸರಿ ಇದೆ, ನಲ್ಲಿಗಳು ಹನಿಯುತ್ತಿಲ್ಲ. ಹೀಗಿದ್ದಾಗ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ ಪಡಬಹುದು. ಆಗಲೂ ಒಡೆಯುವ ಮುಂಚೆ ಭಾಗ ಮಾಡಿ ನೋಡಬೇಕು. ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಿ ಒಂದು ರಾತ್ರಿ ಬಿಡಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ ಅಥವಾ ಆ ವಾಲ್ವ್ ಹಿಡಿಯುತ್ತಿಲ್ಲ. ಇಳಿಯದಿದ್ದರೆ ಕೆಳಗಿನ ಲೈನಿನದೇ ದೋಷ. ಮುಂದಿನ ರಾತ್ರಿ ಆ ವಾಲ್ವ್ ತೆರೆದು, ಒಂದು ಬಾತ್‌ರೂಮಿನ ವಾಲ್ವ್ ಮಾತ್ರ ಮುಚ್ಚಿ. ಇಳಿಯುವುದು ನಿಂತರೆ ಆ ಬಾತ್‌ರೂಮೇ. ನಿಲ್ಲದಿದ್ದರೆ ಅದನ್ನು ತೆರೆದು ಮುಂದಿನದನ್ನು ಮುಚ್ಚಿ. ಕೆಲವು ರಾತ್ರಿ ಹಿಡಿಯುತ್ತದೆ ನಿಜ. ಟೈಲ್ಸ್ ಒಡೆದು ಮತ್ತೆ ಹಾಕಿಸುವ ಖರ್ಚು, ಧೂಳು, ಓಡಾಟ ನೆನೆಸಿಕೊಂಡರೆ ಇದೇ ಲೇಸು.

ಬರೀ ಗೋಡೆಯ ಒದ್ದೆ ನೋಡಿ ತೀರ್ಮಾನಕ್ಕೆ ಬರಬೇಡಿ. ಒದ್ದೆಗೂ ಸ್ವಭಾವ ಇದೆ. ಮಳೆ ಬಂದಾಗ ಮಾತ್ರ ಕಾಣಿಸಿಕೊಂಡರೆ ಅದು ತಾರಸಿ ಅಥವಾ ಕಿಟಕಿ ಮೇಲಿನ ಸಜ್ಜಾದ ಬಿರುಕು. ಸ್ನಾನ ಮಾಡಿದ ಮೇಲೆ ಜಾಸ್ತಿಯಾಗಿ, ಊರಿಗೆ ಹೋಗಿ ಬಂದಾಗ ಒಣಗಿದ್ದರೆ ಬಾತ್‌ರೂಮ್ ನೆಲದ ಟೈಲ್ಸ್ ಸಂದಿ ಅಥವಾ ನೀರು ಹೊರಹೋಗುವ ಪೈಪು. ಇಂಥ ಕಡೆ ಪೈಪು ಬದಲಿಸುವ ಅಗತ್ಯವೇ ಬೀಳದೆ ಸಂದಿಗೆ ಗ್ರೌಟ್ ತುಂಬಿದರೆ ಸಾಕಾಗಬಹುದು. ಬಳಸಿದರೂ ಬಳಸದಿದ್ದರೂ, ಬಿಸಿಲಿದ್ದರೂ ಮಳೆಯಿದ್ದರೂ ಒಂದೇ ಥರ ಒದ್ದೆ ಇದ್ದು, ಬಣ್ಣ ಉಬ್ಬಿ, ಬಿಳಿ ಉಪ್ಪು ಮೂಡುತ್ತಿದ್ದರೆ ಅದು ಸದಾ ನೀರು ತುಂಬಿರುವ ಪೈಪಿನ ಸೋರಿಕೆ. ಕಾವೇರಿ ನೀರಿನ ಬಿಲ್ ಏರಿಸುವುದು ಈ ಕೊನೆಯದು ಮಾತ್ರ. ರಾತ್ರಿ ಮನೆ ಸದ್ದಡಗಿದ ಮೇಲೆ ಸ್ಟೀಲ್ ಲೋಟದ ಬಾಯನ್ನು ಗೋಡೆಗೆ ಒತ್ತಿ, ತಳಕ್ಕೆ ಕಿವಿ ಇಟ್ಟು ಕೇಳಿ. ಪ್ರೆಷರ್ ಪಂಪ್ ಇರುವ ಮನೆಯಲ್ಲಿ ಸುಯ್ ಅನ್ನುವ ಸದ್ದು ಎಲ್ಲಿ ಜೋರಾಗಿದೆ ಅಂತ ಗೊತ್ತಾಗುತ್ತದೆ, ಒಡೆಯುವ ಜಾಗ ಕಿರಿದಾಗುತ್ತದೆ.

ಕೆಳಗೆ ಮೇಲೆ ಬಾಡಿಗೆಗೆ ಕೊಟ್ಟು ಒಂದೇ ಮೀಟರ್ ಇರುವ ಮನೆಗಳಲ್ಲಿ ಬಿಲ್ ಏರಿದ ಕೂಡಲೇ ಬಾಡಿಗೆಯವರ ಮೇಲೆ ಮಾತು ಬರುತ್ತದೆ. ಮೊದಲು ಮೇಲಿನ ಪರೀಕ್ಷೆಗಳನ್ನು ಎರಡೂ ಮನೆಯವರು ಒಟ್ಟಿಗೆ ಮಾಡಿ. ಪ್ರತಿ ಮನೆಯ ಲೈನಿಗೆ ಒಂದೊಂದು ಚಿಕ್ಕ ಮೀಟರ್ ಹಾಕಿಸಿಕೊಂಡರೆ ಮುಂದೆ ಜಗಳವೇ ಬರುವುದಿಲ್ಲ.

ದೂರು ಕೊಡುವಾಗ

ಮೀಟರ್ ಓಡುತ್ತಿದೆ ಆದರೆ ಎಲ್ಲೂ ಸೋರಿಕೆ ಇಲ್ಲ, ಅಥವಾ ರೀಡಿಂಗ್ ತಾಳೆಯಾಗುತ್ತಿಲ್ಲ ಅಂದಾಗ ಜಲಮಂಡಳಿಯ 1916 ಸಹಾಯವಾಣಿಗೆ ಕರೆ ಮಾಡಿ. ದೂರಿನ ಸಂಖ್ಯೆ ಬರೆದುಕೊಳ್ಳಿ. ಮೀಟರ್ ಮೇಲೆಯೇ ಅನುಮಾನ ಇದ್ದರೆ ಅದನ್ನು ಪರೀಕ್ಷೆ ಮಾಡಿಸಿ ಅಂತ ಬರಹದಲ್ಲಿ ಕೊಡಿ. ಜಲಮಂಡಳಿ ನಡೆಸುವ ನೀರಿನ ಅದಾಲತ್‌ನಲ್ಲೂ ಬಿಲ್ ತಕರಾರು ಹೇಳಿಕೊಳ್ಳಬಹುದು. ಅಲ್ಲಿಗೆ ಹೋಗುವಾಗ ಹಿಂದಿನ ಬಿಲ್‌ಗಳು, ಮೀಟರ್‌ನ ದಿನಾಂಕ ಇರುವ ಫೋಟೊಗಳು, ರಾತ್ರಿ ಪರೀಕ್ಷೆಯ ಅಳತೆ ಬರೆದ ಹಾಳೆ ಜೊತೆಗಿರಲಿ. ಪ್ರತಿ ತಿಂಗಳು ಒಂದೇ ದಿನ ಮೀಟರ್ ಫೋಟೊ ತೆಗೆದಿಡುವ ರೂಢಿ ಇದ್ದರೆ ನಿಮ್ಮ ಮಾತಿಗೆ ಆಧಾರ ಇರುತ್ತದೆ.

ಮೀಟರ್‌ಗೂ ಮುಂಚೆ, ಫುಟ್‌ಪಾತಿನಲ್ಲೋ ರಸ್ತೆಯಲ್ಲೋ ನೀರು ಒಸರುತ್ತಿದ್ದರೆ ಅದು ನಿಮ್ಮ ಬಿಲ್‌ಗೆ ಸೇರುವುದಿಲ್ಲ. ಆದರೂ 1916ಕ್ಕೆ ತಿಳಿಸಿ. ನೀರು ನಿಂತ ಹೊತ್ತಿನಲ್ಲಿ ಕೊಳವೆ ಖಾಲಿಯಾದಾಗ ಅದೇ ಒಡಕಿನಿಂದ ಹೊರಗಿನ ಕೊಳೆ ಒಳಗೆ ಎಳೆದುಕೊಳ್ಳುತ್ತದೆ, ಮುಂದಿನ ಸಲ ನೀರು ಬಿಟ್ಟಾಗ ಅದು ಬೀದಿಯ ಎಲ್ಲರ ಸಂಪಿಗೂ ಬರುತ್ತದೆ. ಕರೆ ಮಾಡುವಾಗ ಮನೆ ನಂಬರ್ ಜೊತೆಗೆ ಹತ್ತಿರದ ಅಡ್ಡರಸ್ತೆ, ದೇವಸ್ಥಾನ ಅಥವಾ ಅಂಗಡಿಯ ಗುರುತು ಹೇಳಿ. ನಿಮ್ಮ ಬಡಾವಣೆಗೆ ನೀರು ಬಿಡುವ ವಾಲ್ವ್‌ಮನ್‌ಗೂ ಒಂದು ಮಾತು ತಿಳಿಸಿ. ಆ ಬೀದಿಯ ಯಾವ ಪೈಪು ಎಲ್ಲಿ ತಿರುಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.